ತಪ್ಪು ಯಾರದು, ಕೋಟೆ ಯಾರದು?

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೊರಟರೆ ದಾರಿಯಲ್ಲಿ ಮಲಪನಗುಡಿ ಸಿಗುತ್ತದೆ. ಹಂಪಿ ನೋಡಲು ಬಂದವರು ಇಲ್ಲಿ ಚಹಾಕ್ಕೆ ನಿಲ್ಲುವುದುಂಟು. ಸ್ವಲ್ಪ ಹೊತ್ತು ಕುಳಿತರೆ 1565ರ ಯುದ್ಧದ ಕಥೆ ಕಿವಿಗೆ ಬೀಳುತ್ತದೆ: ಐವರು ಸುಲ್ತಾನರು ಧರ್ಮದ ಹೆಸರಿನಲ್ಲಿ ಒಂದಾದರು, ಹಿಂದೂ ಸಾಮ್ರಾಜ್ಯವನ್ನು ಹಾಳುಗೆಡವಿದರು. ಪಕ್ಕದಲ್ಲಿ ಮುಸ್ಲಿಮನೊಬ್ಬ ಇದ್ದಾನೆಂದು ತಿಳಿದರೆ ಹೇಳುವವನ ದನಿ ತಗ್ಗುತ್ತದೆ. ಕೇಳುವವನು ಚಹಾದ ಲೋಟ ನೋಡುತ್ತಾನೆ. ನಾಲ್ಕೂವರೆ ಶತಮಾನದ ಹಿಂದಿನ ಯುದ್ಧಕ್ಕೆ ಇಂದಿನ ಹಮಾಲಿ, ಇಂದಿನ ಆಟೋ ಚಾಲಕ ಜವಾಬು ಕೊಡಬೇಕು!

ಈ ಕಾರಣಕ್ಕಾಗಿಯೇ ನಾವು ಗಿರೀಶ ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ಯನ್ನು (2018) ಮತ್ತೆ ಓದಿದೆವು. ಜೊತೆಗೆ 1900ರಲ್ಲಿ ಪ್ರಕಟವಾದ ರಾಬರ್ಟ್ ಸೆವೆಲ್‌ನ ‘ಎ ಫರ್ಗಾಟನ್ ಎಂಪೈರ್’ ಅನ್ನೂ ಇಟ್ಟುಕೊಂಡೆವು. ಚಹಾದಂಗಡಿಯ ಕಥೆಯ ಬೇರು ಬಹುಮಟ್ಟಿಗೆ ಇರುವುದು ಸೆವೆಲ್‌ನಲ್ಲಿ. ಮದ್ರಾಸ್ ಸಿವಿಲ್ ಸರ್ವಿಸ್‌ನ ಈ ಅಧಿಕಾರಿಗೆ ವಿಜಯನಗರವೆಂದರೆ ಮುಸ್ಲಿಮರ ದಾಳಿಯನ್ನು ತಡೆದು ನಿಂತ ಹಿಂದೂ ಗೋಡೆ. ಪಾಯೆಸ್, ನ್ಯೂನಿಜ್ ಬರಹಗಳನ್ನು ಇಂಗ್ಲಿಷಿಗೆ ತಂದ ಅವನ ಉಪಕಾರ ದೊಡ್ಡದು, ಅದನ್ನು ಮರೆಯಲಾಗದು. ಆದರೆ ಯುದ್ಧದ ಕಾರಣಕ್ಕೆ ಅವನು ನೆಚ್ಚಿಕೊಂಡದ್ದು ಯಾರನ್ನು? ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾನನ್ನು. ಯುದ್ಧ ನಡೆದು ನಾಲ್ಕು ದಶಕಗಳ ನಂತರ ಬರೆದ ಫೆರಿಷ್ತಾ, ರಾಮರಾಯನ ಸೇನೆ ಅಹಮದ್‌ನಗರದ ಸೀಮೆಯಲ್ಲಿ ಮಸೀದಿಗಳನ್ನು ಅಪವಿತ್ರಗೊಳಿಸಿತೆಂದೂ ಅದಕ್ಕೆ ಪ್ರತಿಯಾಗಿ ಸುಲ್ತಾನರು ಒಂದಾದರೆಂದೂ ಹೇಳುತ್ತಾನೆ. ತನ್ನ ದೊರೆಗಳ ಗೆಲುವಿಗೆ ಧರ್ಮದ ಬಣ್ಣ ಬಳಿಯುವುದು ಆಸ್ಥಾನದ ಬರಹಗಾರನಿಗೆ ಬೇಕಿತ್ತು. ಸೆವೆಲ್ ಅದೇ ಬಣ್ಣವನ್ನು ತೆಗೆದುಕೊಂಡು ಹೊಗಳಿಕೆಯನ್ನು ದೂರನ್ನಾಗಿ ಮಾಡಿದ. ಸಾಕ್ಷಿ ಒಬ್ಬನೇ, ತೀರ್ಪು ಎರಡು.

ಇಬ್ಬರೂ ಬರೆದಿಟ್ಟೂ ಒತ್ತು ಕೊಡದ ಸಂಗತಿಯೊಂದಿದೆ. ಅದು ಕೋಟೆಗಳ ಲೆಕ್ಕ. ಕಲ್ಯಾಣ ಮತ್ತು ಸೊಲ್ಲಾಪುರಕ್ಕಾಗಿ ಬಿಜಾಪುರ, ಅಹಮದ್‌ನಗರಗಳು ವರ್ಷಗಟ್ಟಲೆ ಹೊಡೆದಾಡಿದ್ದವು. ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಬಹಮನಿಗಳ ಕಾಲದಿಂದಲೂ ವಿವಾದದ ನೆಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದದ್ದು ಗೊತ್ತೇ ಇದೆ. ಅಲಿ ಆದಿಲ್ ಶಾಹನೇ ಒಮ್ಮೆ ರಾಮರಾಯನನ್ನು ಜೊತೆಗೂಡಿಸಿಕೊಂಡು ಅಹಮದ್‌ನಗರದ ಮೇಲೆ ಏರಿಹೋಗಿದ್ದ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮೊದಲು ಸುಮಾರು ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದ. ಇಂಥವರು ಒಂದಾಗಲು ಧರ್ಮವೊಂದೇ ಸಾಕಾಗಲಿಲ್ಲ. ಹುಸೇನ್ ನಿಜಾಮ್ ಶಾಹ ತನ್ನ ಮಗಳು ಚಾಂದ್ ಬೀಬಿಯನ್ನು ಆದಿಲ್ ಶಾಹನಿಗೆ ಮದುವೆ ಮಾಡಿಕೊಟ್ಟ. ಬಳುವಳಿಯಾಗಿ ಸೊಲ್ಲಾಪುರದ ಕೋಟೆಯನ್ನು ಕೊಟ್ಟ! ಇಷ್ಟಾಗಿಯೂ ಬೀರಾರಿನ ಇಮಾದ್ ಶಾಹಿಯವರು ಬರಲಿಲ್ಲ. ಐವರೆಂದು ಎಣಿಸುವವರು ಗಮನಿಸಬೇಕು, ರಣರಂಗದಲ್ಲಿದ್ದವರು ನಾಲ್ವರು.

ಇಂದಿನ ಯುದ್ಧಗಳಲ್ಲೂ ಹೀಗೆಯೇ. ಮೊದಲು ಕೆಣಕಿದವರಾರು ಎಂಬ ಗದ್ದಲದಲ್ಲಿ ನೆಲ ಯಾರ ಕೈಗೆ ಹೋಯಿತೆಂಬ ಪ್ರಶ್ನೆ ಹಿಂದೆ ಸರಿಯುತ್ತದೆ. 2014ರಲ್ಲಿ ಕ್ರೈಮಿಯಾವನ್ನು ತನ್ನದೆಂದು ಸೇರಿಸಿಕೊಂಡ ರಷ್ಯಾ ಕೂಡ ಹಳೆಯ ಇತಿಹಾಸವನ್ನೇ ಮುಂದಿಟ್ಟಿತು.

ಇನ್ನು ದ್ರೋಹದ ಮಾತು. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್, ರಾಮರಾಯನ ಇಬ್ಬರು ಮುಸ್ಲಿಂ ಸೇನಾನಿಗಳು ಕೈಕೊಟ್ಟರೆಂದು ಬರೆದ. ‘ಇವರನ್ನು ನಂಬಬಾರದು’ ಎನ್ನುವವರಿಗೆ ಇದೊಂದು ಸಾಲು ಸಾಕಾಗಿದೆ. ಫೆರಿಷ್ತಾನಲ್ಲಿ ಈ ದ್ರೋಹವಿಲ್ಲ. ಅಲ್ಲಿ ಗೆಲ್ಲಿಸಿದ್ದು ತಾಮ್ರದ ನಾಣ್ಯ ತುಂಬಿ ಹಾರಿಸಿದ ತೋಪುಗಳು. ವಿಜಯನಗರದ ಸೇವೆಯಲ್ಲಿದ್ದ ಐನ್-ಉಲ್-ಮುಲ್ಕ್‌ನ ಕೋರಿಕೆಯಂತೆ ಬ್ರಾಹ್ಮಣರಿಗೆ ಬೇವಿನಹಳ್ಳಿಯನ್ನು ದಾನ ಕೊಟ್ಟ 1551ರ ತಾಮ್ರಶಾಸನವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಹಂಪಿಯಲ್ಲಿ 1439ರಲ್ಲಿ ಅಹಮದ್ ಖಾನನು ಎರಡನೆಯ ದೇವರಾಯನ ಪುಣ್ಯಕ್ಕಾಗಿ ಕಟ್ಟಿಸಿದ ಮಸೀದಿಯನ್ನು ಶಾಸನವು ಧರ್ಮಸಾಲೆ ಎಂದೇ ಕರೆಯುತ್ತದೆ.

ಕಾರ್ನಾಡರು ಈ ಧರ್ಮಯುದ್ಧದ ಕಥೆಯನ್ನು ಒಪ್ಪಿಲ್ಲ. ಅವರ ರಾಮರಾಯ ರಾಜವಂಶದ ರಕ್ತವಿಲ್ಲದ ಅಳಿಯ. ಚಾಲುಕ್ಯರ ಕಲ್ಯಾಣ ತನ್ನದೆಂಬ ಹಂಬಲ ಅವನಿಗೆ ಗೀಳಾಗಿದೆ. ಸಾಮ್ರಾಜ್ಯವನ್ನು ಆಳುವವನಿಗೂ ಹಳೆಯ ಹೆಸರೊಂದು ಬೇಕಾಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ನಾಟಕ ಕನ್ನಡದಲ್ಲಿ ಅಪರೂಪ. ಆದರೂ ನಮಗೊಂದು ಅತೃಪ್ತಿ ಉಳಿಯಿತು. ಯುದ್ಧದ ಭಾರವೆಲ್ಲ ಒಬ್ಬ ಮುದುಕನ ಗಾಯಗೊಂಡ ಹೆಮ್ಮೆಯ ಮೇಲೆ ಬಿದ್ದಿದೆ. ಯಾರು ಗೆದ್ದರೂ ಕಂದಾಯ ಕಟ್ಟಬೇಕಾಗಿದ್ದ ದೋಆಬಿನ ರೈತ ಇಲ್ಲಿ ನಮಗೆ ಬೇಕಾದಷ್ಟು ಕಾಣುವುದಿಲ್ಲ.

ಮುಸ್ಲಿಂ ಓದುಗರಿಗೂ ಒಂದು ಮಾತು ಹೇಳಬೇಕು. ‘ನೋಡಿ, ತಪ್ಪೆಲ್ಲ ರಾಮರಾಯನದು, ಕಾರ್ನಾಡರೇ ಬರೆದಿದ್ದಾರೆ’ ಎಂದು ಈ ನಾಟಕವನ್ನು ಗುರಾಣಿ ಮಾಡಿಕೊಳ್ಳುವುದನ್ನು ನಾವು ಕೇಳಿದ್ದೇವೆ. ಅದೂ ಸೆವೆಲ್‌ನ ದಾರಿಯೇ. ಸುಲ್ತಾನರ ಸೇನೆಗಳು ಸೋತ ರಾಜಧಾನಿಯನ್ನು ತಿಂಗಳುಗಟ್ಟಲೆ ಸೂರೆ ಮಾಡಿದ್ದು ನಿಜ. ರಾಮರಾಯನ ಸೊಕ್ಕು ಅದಕ್ಕೆ ಸಮರ್ಥನೆಯಾಗದು. ಆ ಸುಲ್ತಾನರು ನಮ್ಮ ಪೂರ್ವಜರೂ ಅಲ್ಲ, ನಮ್ಮ ವಕಾಲತ್ತು ಅವರಿಗೆ ಬೇಕಾಗಿಯೂ ಇಲ್ಲ. ಗೆದ್ದ ಮೇಲೆ ಅವರ ಒಗ್ಗಟ್ಟೇ ಉಳಿಯಲಿಲ್ಲ. ದೋಆಬ್ ಬಿಜಾಪುರದ ಪಾಲಾಯಿತು, ಮುಂದೆ ಆದವಾನಿಯೂ ಹೋಯಿತು. ಬಿಜಾಪುರ ಬೆಳೆಯುವುದನ್ನು ಕಂಡ ಅಹಮದ್‌ನಗರ ಮತ್ತೆ ಅದರ ವೈರಿಯಾಯಿತು.

ಈ ನಾಟಕ ನಗರಗಳ ರಂಗಮಂದಿರಗಳಿಗಷ್ಟೇ ಸೀಮಿತವಾಗಬಾರದು. ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆ ಹಳ್ಳಿಯವರೇ ಬಣ್ಣ ಹಚ್ಚಿಕೊಂಡು ನಾಟಕವಾಡುವ ರೂಢಿ ಇದೆ. ಮಲಪನಗುಡಿಯ ಯುವಕರು ಇದನ್ನು ಒಮ್ಮೆ ಕೈಗೆತ್ತಿಕೊಳ್ಳಲಿ. ರಾಮರಾಯನ ಪಾತ್ರವನ್ನು ಒಬ್ಬ ಮುಸ್ಲಿಂ ಹುಡುಗನಿಗೆ ಕೊಡುತ್ತಾರೆಯೇ ಎಂಬ ಕುತೂಹಲವಂತೂ ನಮಗಿದೆ.