ನಂದಿಯ ತಪ್ಪಲಿನ ಕೆಂಪು ವೈನ್: ಹುಳಿಯಿಂದ ಶುರುಮಾಡಿ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ವೈನ್ ಎಂದರೆ ಬಹಳ ಜನಕ್ಕೆ ಮೊದಲು ನೆನಪಾಗುವುದು ಪೋರ್ಟ್ ಎಂದು ಚೀಟಿ ಹಚ್ಚಿದ ಸಿಹಿ ಬಾಟಲಿ. ಕರ್ನಾಟಕದಲ್ಲಿ ಅಂಥ ವೈನು ಬಹುಮಟ್ಟಿಗೆ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಆಗುತ್ತದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಚಪ್ಪರಗಳಲ್ಲಿ ತೂಗುವ ಈ ಕಪ್ಪು ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಇದರ ಬೇರು ಅಮೆರಿಕದ ಲಾಬ್ರಸ್ಕಾ ಜಾತಿಯದು. ಹಣ್ಣು ಬಾಯಿಗಿಡುವ ಮೊದಲೇ ಮೂಗಿಗೆ ಬಡಿಯುವ ಆ ಜೋರಾದ ಘಮ ಆ ಜಾತಿಯ ಗುರುತು. ರಸಕ್ಕೆ, ಜ್ಯಾಮಿಗೆ ಅದು ಒಳ್ಳೆಯ ಹಣ್ಣು. ಆದರೆ ಆ ಸಿಹಿಗೆ ಒಗ್ಗಿದ ನಾಲಿಗೆ ದೊಡ್ಡಬಳ್ಳಾಪುರದ ಆಚೆ, ನಂದಿ ಬೆಟ್ಟದ ಬುಡದಲ್ಲಿ ಬೆಳೆದ ಕ್ಯಾಬರ್ನೆ ಸೋವಿನ್ಯೋನ್ ಅಥವಾ ಶಿರಾಜ್ ದ್ರಾಕ್ಷಿಯ ವೈನನ್ನು ಮೊದಲ ಸಲ ಮುಟ್ಟಿದಾಗ ಮುಖ ಕಿವಿಚುತ್ತದೆ. ಹುಳಿ, ಒಗರು, ಸಿಹಿಯ ಸುಳಿವೇ ಇಲ್ಲ. ಬಾಟಲಿ ಕೆಟ್ಟಿದೆ ಅನ್ನುವವರೂ ಉಂಟು.

ಕೆಟ್ಟಿಲ್ಲ. ಆ ಹುಳಿಗಾಗಿ, ಆ ಒಗರಿಗಾಗಿಯೇ ಅಷ್ಟು ಎತ್ತರದಲ್ಲಿ ಬಳ್ಳಿ ನೆಟ್ಟದ್ದು. ಎತ್ತರದ ಕೆಂಪು ವೈನಿನ ರುಚಿ ಹಿಡಿಯಬೇಕಾದವರು ಘಮದ ಪಟ್ಟಿ ಬಾಯಿಪಾಠ ಮಾಡುವುದನ್ನು ಆಮೇಲೆ ನೋಡಿಕೊಳ್ಳಬಹುದು. ಮೊದಲು ಹುಳಿಯನ್ನು ಗುರುತಿಸಲು ಕಲಿಯಬೇಕು.

ಮಂಗಳೂರು, ನಂದಿ, ಚೆನ್ನೈ ಮೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ, 13 ಡಿಗ್ರಿಯ ಆಸುಪಾಸು. ಎರಡು ತುದಿಯಲ್ಲೂ ಸಮುದ್ರ, ಬೆವರು. ನಡುವೆ ನಮ್ಮ ಪ್ರಸ್ಥಭೂಮಿ ಎದ್ದು ನಿಂತಿದೆ. ನಂದಿ ಬೆಟ್ಟದ ನೆತ್ತಿ 1,478 ಮೀಟರ್. ದ್ರಾಕ್ಷಿ ತೋಟಗಳಿರುವುದು ನೆತ್ತಿಯಲ್ಲಲ್ಲ, ಬುಡದ ಕೆಮ್ಮಣ್ಣಿನಲ್ಲಿ, ಸುಮಾರು 900 ಮೀಟರ್ ಎತ್ತರದಲ್ಲಿ. ಪ್ರತಿ 1,000 ಮೀಟರ್ ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ತಾವರೆಕೆರೆಯಿಂದ ಶಿರಾಕ್ಕೆ ಬಂದು ಮಧುಗಿರಿ, ಗೌರಿಬಿದನೂರಿನ ದಾರಿ ಹಿಡಿದು ನಂದಿಯ ಕಡೆ ಹೋದರೆ ಈ ಏರು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಶಿರಾ ಸುಮಾರು 660 ಮೀಟರಿನಲ್ಲಿದೆ, ಚಿಕ್ಕಬಳ್ಳಾಪುರ 900 ದಾಟುತ್ತದೆ. ಲೆಕ್ಕಕ್ಕೆ ಒಂದೂವರೆ ಡಿಗ್ರಿಯ ವ್ಯತ್ಯಾಸ. ಮನುಷ್ಯರಿಗೆ ಅದು ಗೊತ್ತಾಗದೆ ಹೋಗಬಹುದು. ಹಣ್ಣಾಗುವ ತಿಂಗಳುಗಟ್ಟಲೆ ಕಾಲ, ಹಗಲು ರಾತ್ರಿ ಅದನ್ನು ಅನುಭವಿಸುವ ಬಳ್ಳಿಗೆ ಗೊತ್ತಾಗುತ್ತದೆ.

ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿವೆ, ಟಾರ್ಟಾರಿಕ್ ಮತ್ತು ಮ್ಯಾಲಿಕ್. ಹಣ್ಣು ಮಾಗುವಾಗ ಬಳ್ಳಿ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಸುಡುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ ಸುಡುತ್ತದೆ. ಬಿಸಿ ಬಯಲಿನಲ್ಲಿ ಸಕ್ಕರೆ ಏರುವ ಹೊತ್ತಿಗೆ ಬಹಳಷ್ಟು ಹುಳಿ ಖಾಲಿಯಾಗಿರುತ್ತದೆ, ವೈನು ದಪ್ಪಗೆ, ಸಪ್ಪೆಗೆ ಬರುತ್ತದೆ. ರಾತ್ರಿ ತಂಪಾಗುವ ಕಡೆ ಈ ಸುಡುವಿಕೆ ನಿಧಾನ. ಎತ್ತರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸಾವಿರ ಮೀಟರಿಗೆ ನೇರಳಾತೀತ ಕಿರಣ ಶೇಕಡಾ 10ರಷ್ಟು ಹೆಚ್ಚುತ್ತದೆ. ಅದನ್ನು ತಡೆದುಕೊಳ್ಳಲು ಹಣ್ಣು ಸಿಪ್ಪೆಯಲ್ಲಿ ಬಣ್ಣವನ್ನೂ ಒಗರಿನ ದ್ರವ್ಯವನ್ನೂ, ಅಂದರೆ ಟ್ಯಾನಿನ್ನನ್ನೂ, ಹೆಚ್ಚು ಕಟ್ಟಿಕೊಳ್ಳುತ್ತದೆ. ಕೆಂಪು ವೈನು ಸಿಪ್ಪೆಯ ಸಮೇತ ಹುದುಗುವುದರಿಂದ ಅದೆಲ್ಲ ಲೋಟಕ್ಕೆ ಇಳಿಯುತ್ತದೆ.

ಹೊರದೇಶದ ಕೆಲವು ಬೆಟ್ಟದ ತೋಟಗಳು ನಮಗಿಂತ ಬಹಳ ಎತ್ತರ. ಅರ್ಜೆಂಟೀನಾದ ಮೆಂಡೋಸಾದಲ್ಲಿ ನಿಕೊಲಾಸ್ ಕತೇನಾ 1992ರಲ್ಲಿ ನೆಡಿಸಿದ ಆಡ್ರಿಯಾನಾ ತೋಟ ಸುಮಾರು 1,450 ಮೀಟರಿನಲ್ಲಿದೆ, ನಮ್ಮ ನಂದಿಯ ನೆತ್ತಿಗೆ ಸರಿಸಮ. ಅದೇ ದೇಶದ ಸಾಲ್ಟಾದಲ್ಲಿ ಕೊಲೊಮೆ ಎಂಬ ವೈನರಿಯ ಒಂದು ತೋಟ 3,111 ಮೀಟರಿನಲ್ಲಿದೆ. ಚೀನಾದ ಯುನ್ನಾನಿನಲ್ಲಿ, ಮೆಕಾಂಗ್ ನದಿಯ ಮೇಲ್ಕಣಿವೆಯಲ್ಲಿ, ಆವ್ ಯುನ್ ತೋಟಗಳು 2,200ರಿಂದ 2,600 ಮೀಟರ್ ಎತ್ತರದಲ್ಲಿವೆ. ಇವುಗಳ ಮುಂದೆ 900 ಏನು ಲೆಕ್ಕ ಎಂದು ಕೇಳಬಹುದು. ಅಲ್ಲೆಲ್ಲ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಉಷ್ಣವಲಯದಲ್ಲಿ ಸವರದೆ ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಏಪ್ರಿಲ್ ಸುಮಾರಿಗೆ ಒಮ್ಮೆ, ಕಡ್ಡಿ ಬಲಿಯಲಿ ಎಂದು. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಮ್ಮೆ, ಗೊಂಚಲು ಬರಲಿ ಎಂದು. ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ವೈನಿನ ದ್ರಾಕ್ಷಿಯಲ್ಲಿ ತೆಗೆಯುವುದು ಒಂದೇ, ಜನವರಿಯ ಚಳಿಯನ್ನು ಉಂಡು ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲಿಗೆ ಬರುವ ಫಸಲು. ಬೇರೆ ದೇಶದಲ್ಲಿ ಅಕ್ಷಾಂಶ ಮಾಡುವ ಕೆಲಸವನ್ನು ಇಲ್ಲಿ ಎತ್ತರ ಮತ್ತು ಕತ್ತರಿ ಸೇರಿ ಮಾಡುತ್ತವೆ. ಆದ್ದರಿಂದ 900 ಮೀಟರ್ ನಮಗೆ ಸಣ್ಣ ಎತ್ತರವಲ್ಲ.

ಇದನ್ನು ನಂಬಿ ಕೆಲಸಕ್ಕೆ ಇಳಿದವರಲ್ಲಿ ಮೊದಲಿಗರು ಕನ್ವಲ್ ಗ್ರೋವರ್. ವ್ಯಾಪಾರಕ್ಕೆಂದು ಫ್ರಾನ್ಸಿಗೆ ಓಡಾಡುತ್ತಿದ್ದ ಅವರು ಅಲ್ಲಿನ ವೈನಿಗೆ ಮನಸೋತರು. ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ 1980ರ ದಶಕದಲ್ಲಿ ಹತ್ತಾರು ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, ತೋಟಕ್ಕೆ ನಂದಿಯ ಬುಡವನ್ನು ಆರಿಸಿಕೊಂಡರು. ಆಮೇಲೆ ಬೋರ್ಡೊದ ಹೆಸರಾಂತ ವೈನ್ ಸಲಹೆಗಾರ ಮಿಷೆಲ್ ರೋಲಾಂ ಕೂಡ ಜೊತೆಯಾದರು. ಲಾ ರಿಸರ್ವ್ ಎಂಬ ಕ್ಯಾಬರ್ನೆ–ಶಿರಾಜ್ ಮಿಶ್ರಣ ಈ ತೋಟದ ಹೆಸರನ್ನು ದೂರ ಒಯ್ದಿತು. 2012ರಲ್ಲಿ ನಾಸಿಕ್ ಕಡೆಯ ಜಾಂಪಾ ವೈನಿನವರೊಂದಿಗೆ ಸೇರಿ ಅವರ ಕಂಪನಿ ಗ್ರೋವರ್ ಜಾಂಪಾ ಆಯಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ನಂದಿಯ ಸುತ್ತ, ಹಂಪಿಯ ಬೆಟ್ಟಗಳ ಕಡೆ ಇನ್ನೂ ಹಲವರು ಬಂದರು.

ಇನ್ನು ಲೋಟದ ವಿಷಯ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಕೋಣೆಗೆ ಹುಟ್ಟಿದ್ದು. ಬೇಕಾದದ್ದು 16ರಿಂದ 18 ಡಿಗ್ರಿ. ಮಾರ್ಚಿನ ಪಾವಗಡದಲ್ಲಿ ಕೋಣೆಯೇ 35 ಇರುತ್ತದೆ. ಆ ಬಿಸಿಯಲ್ಲಿ ಮದ್ಯಸಾರ ಮೂಗಿಗೆ ಅಡರುತ್ತದೆ, ಹುಳಿ ಮಂಕಾಗುತ್ತದೆ. ಬಾಟಲಿಯನ್ನು ಫ್ರಿಜ್ಜಿನಲ್ಲಿ ಒಂದೂವರೆ ಎರಡು ಗಂಟೆ ಇಟ್ಟು ತೆಗೆಯಿರಿ. ಇದೊಂದನ್ನು ಮಾಡಿದರೂ ಅರ್ಧ ಪಾಠ ಮುಗಿದಂತೆ. ತೀರಾ ತಣ್ಣಗಾದರೆ ಒಗರು ಒರಟಾಗುತ್ತದೆ, ಆಗ ಲೋಟವನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಕಾಯಿರಿ. ಲೋಟ ಗಾಜಿನದಾಗಿರಲಿ, ಬಾಯಿ ಹೊಟ್ಟೆಗಿಂತ ಕಿರಿದಾಗಿರಲಿ. ಮೂರನೇ ಒಂದು ಭಾಗ ಮಾತ್ರ ತುಂಬಿ.

ಲೋಟವನ್ನು ಬಿಳಿ ಕಾಗದದ ಮೇಲೆ ವಾಲಿಸಿ ಅಂಚನ್ನು ನೋಡಿ. ಸಿಪ್ಪೆಯ ಬಣ್ಣಕ್ಕೆ ಒಂದು ಗುಣವಿದೆ. ಹುಳಿ ಹೆಚ್ಚಿದ್ದರೆ ಅದು ಕೆಂಪಾಗಿ ಹೊಳೆಯುತ್ತದೆ, ಹುಳಿ ಕಡಿಮೆಯಾದರೆ ನೀಲಿಗೆ ತಿರುಗಿ ಮಬ್ಬಾಗುತ್ತದೆ. ಹೊಸ ವೈನಿನ ಅಂಚು ಚುರುಕಾದ ಕೆಂಪಾಗಿದ್ದರೆ ಬಾಯಿಗೆ ಹಾಕುವ ಮುಂಚೆಯೇ ಒಂದು ಸುಳಿವು ಸಿಕ್ಕಂತೆ. ವಯಸ್ಸಾದ ವೈನಿನ ಅಂಚು ಇಟ್ಟಿಗೆ ಬಣ್ಣಕ್ಕೆ ಬರುತ್ತದೆ, ಅದು ಬೇರೆ ಮಾತು.

ಮೂಗಿಗೆ ಬಂದರೆ, ಶಿರಾಜಿನಲ್ಲಿ ಕಾಳುಮೆಣಸನ್ನು ಹುಡುಕಿ. ಇದು ಕವಿಗಳ ಕಲ್ಪನೆಯಲ್ಲ. ರೋಟಂಡೋನ್ ಎಂಬ ಒಂದೇ ದ್ರವ್ಯ ಕಾಳುಮೆಣಸಿನಲ್ಲೂ ಶಿರಾಜ್ ಸಿಪ್ಪೆಯಲ್ಲೂ ಇದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ತಂಪು ಜಾಗದ ಹಣ್ಣಿನಲ್ಲಿ ಅದು ಹೆಚ್ಚು ಉಳಿಯುತ್ತದೆ. ಕ್ಯಾಬರ್ನೆಯಲ್ಲಿ ದೊಣ್ಣೆ ಮೆಣಸಿನಕಾಯಿ ಕತ್ತರಿಸಿದಾಗಿನ ಹಸಿ ವಾಸನೆ ಬಂದರೆ ಹಣ್ಣಿಗೆ ಬಿಸಿಲು ಸಾಲದೆ, ಎಲೆಯ ನೆರಳಿನಲ್ಲಿ ಮಾಗಿರಬಹುದು. ಸ್ವಲ್ಪ ಇದ್ದರೆ ಚೆಂದ, ಹೆಚ್ಚಾದರೆ ಹಣ್ಣನ್ನೇ ನುಂಗುತ್ತದೆ. ವೆನಿಲಾ, ಸುಟ್ಟ ಮರದ ವಾಸನೆ ಓಕ್ ಪೀಪಾಯಿಯದು, ಅದಕ್ಕೂ ಬೆಟ್ಟಕ್ಕೂ ಸಂಬಂಧವಿಲ್ಲ. ಇಲ್ಲಿ ನನ್ನದೊಂದು ತಕರಾರಿದೆ. ದುಬಾರಿ ಬಾಟಲಿ ಎಂದರೆ ಓಕ್ ಜಾಸ್ತಿ ಇರಬೇಕು ಎಂಬ ನಂಬಿಕೆ ನಮ್ಮ ಎತ್ತರದ ವೈನಿಗೆ ಒಳ್ಳೆಯದು ಮಾಡಿಲ್ಲ. ಹೊಸಬರು ಓಕ್ ಮುಟ್ಟದ, ಕಡಿಮೆ ಬೆಲೆಯ ಬಾಟಲಿಯಿಂದ ಶುರುಮಾಡಿದರೆ ತೋಟದ ರುಚಿ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ.

ಈಗ ಬಾಯಿ. ಒಂದು ಗುಟುಕು ತೆಗೆದುಕೊಂಡು ಬಾಯಿಯ ಎಲ್ಲ ಮೂಲೆಗೂ ಹರಿಯಬಿಡಿ, ಆಮೇಲೆ ನುಂಗಿ ಅಥವಾ ಉಗುಳಿ. ಹಲವು ವೈನು ನೋಡುವಾಗ ಉಗುಳುವುದೇ ಸರಿ, ಅದು ಅಸಭ್ಯವಲ್ಲ. ಬಾಯಿ ಖಾಲಿಯಾದ ಮೇಲೆ ಏನಾಗುತ್ತದೆ ನೋಡಿ. ದವಡೆಯ ಹಿಂದಿನಿಂದ ನೀರೂರಿದರೆ ಅದು ಹುಳಿಯ ಕೆಲಸ. ಎಷ್ಟು ಹೊತ್ತು ಊರುತ್ತದೆ ಎಂಬುದೇ ಅಳತೆ. ಅದೇ ಹೊತ್ತಿಗೆ ಒಸಡು, ಕೆನ್ನೆಯ ಒಳಬದಿ ಒಣಗಿ ಹಿಡಿದುಕೊಂಡರೆ ಅದು ಟ್ಯಾನಿನ್ನಿನ ಒಗರು, ನೇರಳೆ ಹಣ್ಣು ತಿಂದಾಗ ಆಗುವ ಹಾಗೆ. ಎತ್ತರದ ಒಳ್ಳೆಯ ಕೆಂಪು ವೈನಿನಲ್ಲಿ ಈ ಎರಡೂ ಒಟ್ಟಿಗೆ ನಡೆಯುತ್ತವೆ. ಒಂದು ಕಡೆ ನೀರೂರುತ್ತದೆ, ಇನ್ನೊಂದು ಕಡೆ ಒಣಗುತ್ತದೆ. ಬರೀ ಒಣಗಿ ನೀರೂರದಿದ್ದರೆ ಹುಳಿ ಸೋತಿದೆ ಎಂದು ತಿಳಿಯಿರಿ.

ಹುಳಿಯಲ್ಲೂ ಎರಡು ಬಗೆ. ಬಿಸಿ ಸೀಮೆಗಳಲ್ಲಿ ವೈನು ಮಾಡುವಾಗ ಟಾರ್ಟಾರಿಕ್ ಆಮ್ಲವನ್ನು ಹೊರಗಿನಿಂದ ಸೇರಿಸುವುದುಂಟು. ಅದು ಕಾನೂನಿಗೆ ಒಪ್ಪಿತವಾದ, ಅಲ್ಲೆಲ್ಲ ರೂಢಿಯಲ್ಲಿರುವ ಕೆಲಸ, ಮೋಸವಲ್ಲ. ಆದರೆ ಕೈ ಮಿಂಚಿದಾಗ ಹುಳಿ ಹಣ್ಣಿನ ಜೊತೆ ಬೆರೆಯದೆ ಬೇರೆಯಾಗಿ ನಿಂತು ಹಲ್ಲು ಜುಮ್ಮೆನಿಸುತ್ತದೆ. ಹಣ್ಣಿನೊಳಗೇ ಉಳಿದ ಹುಳಿ ಘಮವನ್ನು ಹೊತ್ತುಕೊಂಡು ಬರುತ್ತದೆ. ಈ ವ್ಯತ್ಯಾಸ ಒಂದೇ ದಿನಕ್ಕೆ ತಿಳಿಯುವುದಿಲ್ಲ, ಎರಡು ಲೋಟ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಬೇಗ ತಿಳಿಯುತ್ತದೆ. ನಂದಿಯ ಒಂದು ಕ್ಯಾಬರ್ನೆ–ಶಿರಾಜ್, ನಾಸಿಕ್ಕಿನ ಒಂದು ಶಿರಾಜ್, ಕೈಗೆಟುಕಿದರೆ ಮೆಂಡೋಸಾದ ಒಂದು ಮಾಲ್ಬೆಕ್ ಇಟ್ಟುಕೊಂಡು ನೋಡಿ. ನಾಲ್ಕು ಜನ ಸೇರಿ ದುಡ್ಡು ಹಂಚಿಕೊಂಡರೆ ಭಾರವಾಗುವುದಿಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನನ್ನೂ ಕೊನೆಗೆ ಒಂದು ಲೋಟ ಇಡಿ. ಅದನ್ನು ಕೀಳು ಮಾಡಲಿಕ್ಕಲ್ಲ, ನಿಮ್ಮ ನಾಲಿಗೆ ಎಲ್ಲಿಂದ ಹೊರಟಿತು ಎಂದು ತಿಳಿಯಲಿಕ್ಕೆ.

ಬಾಟಲಿ ಕೊಳ್ಳುವಾಗ ಬೋರ್ಡಿನಲ್ಲಿ ವೈನ್ಸ್ ಎಂದಿದ್ದರೆ ಸಾಲದು. ನಮ್ಮ ಕಡೆಯ ಬಹುತೇಕ ಅಂಗಡಿಗಳ ವ್ಯಾಪಾರ ಬ್ರಾಂದಿ, ವಿಸ್ಕಿಯದು. ವೈನಿನ ಬಾಟಲಿ ಬಿಸಿಲು ಬೀಳುವ ಅಟ್ಟಣಿಗೆಯಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ. ಕಾರ್ಕು ಮೇಲೆದ್ದಿದ್ದರೆ, ಕುತ್ತಿಗೆಯಲ್ಲಿ ಅಂಟು ಸೋರಿದ್ದರೆ ಬಿಟ್ಟುಬಿಡಿ. ಬೆಂದ ವೈನು ಒಣದ್ರಾಕ್ಷಿ ಕಾಯಿಸಿದ ವಾಸನೆ ಕೊಡುತ್ತದೆ, ಅದರಲ್ಲಿ ಬೆಟ್ಟದ ರುಚಿ ಏನೂ ಉಳಿದಿರುವುದಿಲ್ಲ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಯನ್ನು ಹಗುರವಾಗಿ ಕಾಣಬೇಡಿ. ನಮ್ಮ ಹವೆಗೆ ಅದೇ ಹೆಚ್ಚು ಭದ್ರ.

ಊಟದ ಜೊತೆ ಇಡುವಾಗ ಒಂದು ನಿಯಮ ನೆನಪಿರಲಿ: ಊಟ ವೈನಿಗಿಂತ ಹುಳಿಯಾಗಿರಬಾರದು. ತುಮಕೂರು ಸೀಮೆಯ ಹುಣಸೆಹಣ್ಣಿನ ಸಾರಿನ ಮುಂದೆ ಎಂಥ ವೈನೂ ಸಪ್ಪೆಯಾಗುತ್ತದೆ. ಮೆಣಸಿನಕಾಯಿಯ ಖಾರ ಒಗರನ್ನೂ ಮದ್ಯಸಾರದ ಉರಿಯನ್ನೂ ಇನ್ನಷ್ಟು ಹೆಚ್ಚಿಸುತ್ತದೆ. ಕೊಬ್ಬು, ಮಾಂಸ, ಉಪ್ಪು ಒಗರನ್ನು ಮೆತ್ತಗೆ ಮಾಡುತ್ತವೆ. ಕುರಿ ಸಾಕುವ ನಾಡು ನಮ್ಮದು. ಕೆಂಪು ಖಾರ ಬಿಟ್ಟು ಕಾಳುಮೆಣಸು ಹಾಕಿ ಹುರಿದ ಕುರಿ ಮಾಂಸದ ಚಾಪ್ಸ್ ಜೊತೆ ನಂದಿಯ ಶಿರಾಜ್ ಕುಡಿದು ನೋಡಿ, ಮೆಣಸು ಮೆಣಸನ್ನು ಹುಡುಕಿಕೊಂಡು ಬರುತ್ತದೆ. ಮಾಂಸ ತಿನ್ನದವರಿಗೆ ಉಪ್ಪು ಹಾಕಿ ಹುರಿದ ಪಾವಗಡದ ಕಡಲೆಕಾಯಿ ಸಾಕು. ಅವರೆಯ ಕಾಲವಾದರೆ, ಹುಣಸೆ ಹಿಂಡದೆ ತೆಂಗಿನಕಾಯಿ ಹಾಕಿ ಮಾಡಿದ ಹಿತಕಬೇಳೆ ಇನ್ನೂ ಚೆನ್ನ.

ಒಂದೇ ಸಲಕ್ಕೆ ಬಾಟಲಿ ಮುಗಿಸಬೇಕಿಲ್ಲ. ಒಂದು ಲೋಟ ಎಂದರೆ 150 ಮಿಲಿ, ಅದು ಒಂದು ಊಟಕ್ಕೆ ಬೇಕಾದಷ್ಟಾಯಿತು. ಉಳಿದದ್ದಕ್ಕೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನ ಇರುತ್ತದೆ. ಮರುದಿನ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದು ಮತ್ತೆ ಒಂದು ಗುಟುಕು ನೋಡಿ. ಓಕ್ ಮತ್ತು ಸಕ್ಕರೆಯ ಆಸರೆಯಲ್ಲಿ ನಿಂತಿದ್ದ ವೈನು ಅಷ್ಟರಲ್ಲಿ ಕುಗ್ಗಿರುತ್ತದೆ. ಹುಳಿ ಗಟ್ಟಿಯಾಗಿದ್ದ ವೈನಿನಲ್ಲಿ ಮೊದಲ ದಿನದ ಒರಟು ಒಗರು ಸ್ವಲ್ಪ ಇಳಿದು, ಅಡಗಿದ್ದ ಹಣ್ಣು ಮುಂದೆ ಬಂದಿರುತ್ತದೆ. ಮುಂದಿನ ಸಲ ಕೊಳ್ಳಬೇಕಾದ ಬಾಟಲಿ ಅದೇ.