‘ತರ್ಜುಮಾನ್’ ಕಾವ್ಯವೂ ಅದರ ವ್ಯಾಖ್ಯಾನವೂ

ಈಶ್ವರನು ರೂಪಾತೀತನೆಂದು ಸಾರುವ ಮತಗಳಲ್ಲಿ ಕವಿಯಾದವನಿಗೆ ವಿಶೇಷವಾದ ಒಂದು ಸಂಕಟವುಂಟು. ರೂಪವಿಲ್ಲದೆ ಕವಿಗೆ ಮಾತು ಹೊರಡದು; ತತ್ತ್ವಜ್ಞನಿಗಾದರೋ ರೂಪವೆಂದೊಡನೆಯೇ ಶಂಕೆ. ಈ ಸಂಕಟಕ್ಕೆ ಪದ್ಯದಲ್ಲಿ ಒಂದು ಉತ್ತರವನ್ನೂ ಗದ್ಯದಲ್ಲಿ ಇನ್ನೊಂದು ಉತ್ತರವನ್ನೂ ಕೊಟ್ಟವನು ಸೂಫಿಗಳಲ್ಲಿ ‘ಷೇಖ್ ಅಲ್-ಅಕ್ಬರ್’, ಎಂದರೆ ಮಹಾಗುರು, ಎಂದು ಪ್ರಸಿದ್ಧನಾದ ಇಬ್ನ್ ಅರಬಿ. ಈತನು 1165ರಲ್ಲಿ ಸ್ಪೇನ್ ದೇಶದ ಮುರ್ಸಿಯಾ ಪಟ್ಟಣದಲ್ಲಿ ಜನಿಸಿ 1240ರಲ್ಲಿ ದಮಾಸ್ಕಸ್ಸಿನಲ್ಲಿ ದೇಹವಿಟ್ಟನು. ‘ತರ್ಜುಮಾನ್ ಅಲ್-ಅಷ್ವಾಕ್’, ಎಂದರೆ ‘ಉತ್ಕಂಠೆಗಳ ದುಭಾಷಿ’, ಎಂಬುದು ಆತನ 61 ಪದ್ಯಗಳ ಸಂಗ್ರಹ. ಅದಕ್ಕೆ ವ್ಯಾಖ್ಯಾನವನ್ನು ಬರೆದವನೂ ಆತನೇ. ಕವಿಯೂ ವ್ಯಾಖ್ಯಾನಕಾರನೂ ಒಬ್ಬನೇ ಆಗಿದ್ದರೂ ಇಬ್ಬರೂ ಒಂದೇ ಮಾತನ್ನು ಹೇಳುತ್ತಾರೆಯೇ ಎಂಬುದು ವಿಚಾರಣೀಯವಾಗಿದೆ.

ಗ್ರಂಥದ ವೃತ್ತಾಂತವು ಹೀಗಿದೆ. ಇಬ್ನ್ ಅರಬಿಯು 1202ರಲ್ಲಿ ಮಕ್ಕಾ ಕ್ಷೇತ್ರಕ್ಕೆ ಬಂದನು. ಅಲ್ಲಿ ಇಸ್ಫಹಾನಿನ ವಂಶದ ಒಬ್ಬ ವೃದ್ಧ ವಿದ್ವಾಂಸನ ಸಹವಾಸವೂ, ಆ ವಿದ್ವಾಂಸನ ಮಗಳಾದ ನಿಜಾಮ್ ಎಂಬ ಕನ್ಯೆಯ ಪರಿಚಯವೂ ಆತನಿಗೆ ಲಭಿಸಿತು. ಅವಳ ವಿದ್ಯೆ, ವಾಕ್ಪಟುತ್ವ, ಧರ್ಮನಿಷ್ಠೆ, ಸೌಂದರ್ಯ ಇವುಗಳನ್ನು ಪೀಠಿಕೆಯಲ್ಲಿ ಮುಕ್ತಕಂಠದಿಂದ ಕೊಂಡಾಡಿದ್ದಾನೆ. ಪದ್ಯಗಳಲ್ಲಿ ಬರುವ ಹೆಸರುಗಳೆಲ್ಲವೂ ಅವಳನ್ನೇ ಕುರಿತವು ಎಂದು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಅವುಗಳ ಸೂಚನೆಯೆಲ್ಲವೂ ದೈವಿಕವಾದ ಅನುಭವಗಳ ಕಡೆಗೇ ಎಂದು ಒಡನೆಯೇ ಸೇರಿಸುತ್ತಾನೆ. ಒಂದು ರಾತ್ರಿ ಕಾಬಾ ಪ್ರದಕ್ಷಿಣೆಯಲ್ಲಿದ್ದಾಗ ತನಗೆ ತಾನೇ ನಾಲ್ಕು ಪಂಕ್ತಿಗಳನ್ನು ಹೇಳಿಕೊಳ್ಳುತ್ತಿರಲು, ರೂಮ್ ದೇಶದ ತರುಣಿಯೊಬ್ಬಳು ಭುಜವನ್ನು ಮುಟ್ಟಿ, ಒಂದೊಂದು ಪಂಕ್ತಿಯನ್ನೂ ಎತ್ತಿಕೊಂಡು ಆಕ್ಷೇಪಿಸಿದಳೆಂಬ ಪ್ರಸಂಗವೂ ಅಲ್ಲಿಯೇ ಬರುತ್ತದೆ. ತನ್ನ ಕಾವ್ಯದ ಮೊದಲನೆಯ ವಿಮರ್ಶೆಯನ್ನು ಕವಿಯು ಕಾವ್ಯದ ಬಾಗಿಲಿನಲ್ಲಿಯೇ ನಿಲ್ಲಿಸಿದ್ದಾನೆ.

ಎರಡನೆಯ ವಿಮರ್ಶೆಯು ಇಷ್ಟು ಸರಸವಾಗಿರಲಿಲ್ಲ. ಇವು ಕೇವಲ ಶೃಂಗಾರಪದ್ಯಗಳು, ಶೀಲವಂತನೆಂಬ ಕೀರ್ತಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಕವಿಯು ಅಧ್ಯಾತ್ಮದ ಮುಸುಕನ್ನು ಹೊದಿಸಿದ್ದಾನೆ, ಎಂದು ಅಲೆಪ್ಪೊ ನಗರದ ಧರ್ಮಶಾಸ್ತ್ರಜ್ಞನೊಬ್ಬನು ಆಡಿದನು. ಇಬ್ಬರು ಶಿಷ್ಯರು ಈ ಮಾತನ್ನು ಗುರುವಿಗೆ ಮುಟ್ಟಿಸಿ, ವ್ಯಾಖ್ಯಾನವನ್ನು ಬರೆಯಬೇಕೆಂದು ಪ್ರಾರ್ಥಿಸಿದರು. ಸುಮಾರು 1214ರ ವೇಳೆಗೆ ವ್ಯಾಖ್ಯಾನವು ಹುಟ್ಟಿದ್ದು ಹೀಗೆ. ಅಲೆಪ್ಪೊದಲ್ಲಿ ವಿದ್ವಾಂಸರ ಸಮಕ್ಷಮದಲ್ಲಿ ಅದರ ಒಂದು ಭಾಗವನ್ನು ಓದಿಸಲಾಗಿ ಆಕ್ಷೇಪಕನು ತನ್ನ ಮಾತನ್ನು ಹಿಂದೆಗೆದುಕೊಂಡನೆಂದು ಗ್ರಂಥಕಾರನು ಹೇಳುತ್ತಾನೆ. ಇಂಗ್ಲೆಂಡಿನ ಪಂಡಿತನಾದ ನಿಕಲ್ಸನ್ 1911ರಲ್ಲಿ ಮೂಲವನ್ನೂ ಅನುವಾದವನ್ನೂ ವ್ಯಾಖ್ಯಾನದ ಸಂಕ್ಷೇಪವನ್ನೂ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಮೇಲೆ ಯೂರೋಪಿನಲ್ಲಿಯೂ ಇದೇ ವಿವಾದವು ಮರಳಿ ತಲೆಯೆತ್ತಿತು.

ವಿವಾದದ ತೀರ್ಮಾನಕ್ಕೆ ಇಬ್ನ್ ಅರಬಿಯ ಸಿದ್ಧಾಂತದಲ್ಲಿ ‘ಖಯಾಲ್’ ಎಂಬ ಪದದ ಅರ್ಥವನ್ನು ತಿಳಿಯುವುದು ಅವಶ್ಯ. ಹಿಂದುಸ್ತಾನಿ ಸಂಗೀತದ ‘ಖಯಾಲ್’ ಗಾಯನಕ್ಕೆ ಹೆಸರನ್ನು ಕೊಟ್ಟ ಅರಬ್ಬೀ ಪದವೇ ಇದು. ಇದನ್ನು ಕನ್ನಡದಲ್ಲಿ ‘ಕಲ್ಪನೆ’ ಎಂದರೆ ‘ಇಲ್ಲದ್ದನ್ನು ಕಟ್ಟಿ ಹೇಳುವುದು’ ಎಂಬ ಅರ್ಥವು ಮೊದಲು ತೋರುತ್ತದೆ. ಫ್ರೆಂಚ್ ವಿದ್ವಾಂಸನಾದ ಆನ್ರಿ ಕೊರ್ಬ್ಯಾಂ ಈ ವಿಷಯವಾಗಿ 1958ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ತನ್ನ ಭಾಷೆಯ ಪದಕ್ಕೂ ಇದೇ ದೋಷವು ತಗಲಿರುವುದನ್ನು ಕಂಡು ‘ಇಮ್ಯಾಜಿನಲ್’ ಎಂಬ ಬೇರೊಂದು ಪದವನ್ನೇ ಬಳಕೆಗೆ ತಂದನು. ಅರಬ್ಬಿಯಲ್ಲಿ ‘ಖಯಾಲ್’ ಎಂದರೆ ಮನಸ್ಸಿನ ವ್ಯಾಪಾರವಷ್ಟೇ ಅಲ್ಲದೆ ಕನ್ನಡಿಯ ಪ್ರತಿಬಿಂಬ, ನೆರಳು, ಕನಸಿನ ಆಕೃತಿ ಇವೂ ಆಗುತ್ತವೆ. ಕನ್ನಡಿಯೊಳಗಿನ ಮುಖವು ಇದೆಯೆಂದರೆ ಕೈಗೆ ಸಿಕ್ಕದು. ಇಲ್ಲವೆಂದರೆ ಕಣ್ಣಿಗೆ ಕಾಣುತ್ತದೆ. ಅದ್ವೈತಿಗಳು ಇಂಥದನ್ನು ‘ಸದಸದ್ವಿಲಕ್ಷಣ’ವೆಂದು ಕರೆದು, ಅದು ಬಾಧಿತವಾಗತಕ್ಕದ್ದೆಂಬುದಕ್ಕೆ ಒತ್ತು ಕೊಡುತ್ತಾರೆ. ಇಬ್ನ್ ಅರಬಿಯೂ ಇದೇ ದೃಷ್ಟಾಂತವನ್ನು ಹಿಡಿಯುತ್ತಾನೆ. ಆದರೆ ಒತ್ತು ಬೇರೆ ಕಡೆಗೆ. ಅದು ಆತನಿಗೆ ‘ಬರ್ಜಖ್’, ಎಂದರೆ ಎರಡರ ನಡುವಣ ಸೇತುವೆ. ಅರ್ಥವು ಶರೀರವನ್ನು ಪಡೆಯುವುದೂ ಶರೀರವು ಅರ್ಥದ ಕಡೆಗೆ ಏರುವುದೂ ಅಲ್ಲಿಯೇ.

ಹಾಗಾದರೆ ಈಶ್ವರಜ್ಞಾನದಲ್ಲಿ ಕಲ್ಪನೆಗೆ ಪ್ರಾಪ್ತವಾಗುವ ಸ್ಥಾನವೇನು? ಬುದ್ಧಿಯು ‘ಆತನು ಯಾವುದರಂತೆಯೂ ಅಲ್ಲ’ ಎಂದು ಬೇರ್ಪಡಿಸುತ್ತದೆ, ಇದು ‘ತನ್ಜೀಹ್’. ಕಲ್ಪನೆಯು ‘ಆತನೇ ಇಲ್ಲಿ ತೋರುತ್ತಾನೆ’ ಎಂದು ಸಾದೃಶ್ಯವನ್ನು ಕಾಣುತ್ತದೆ, ಇದು ‘ತಷ್‌ಬೀಹ್’. ಮೊದಲನೆಯದೊಂದನ್ನೇ ಹಿಡಿದವನು ಈಶ್ವರನನ್ನು ಲೋಕದಿಂದ ಹೊರಕ್ಕೆ ತಳ್ಳಿ ಆತನಿಗೆ ಎಲ್ಲೆಯನ್ನು ಕಟ್ಟಿದಂತಾಯಿತು. ಎರಡನೆಯದನ್ನೇ ಹಿಡಿದವನು ರೂಪದೊಳಗೆ ಸೆರೆಯಿಟ್ಟಂತಾಯಿತು. ದಮಾಸ್ಕಸ್ಸಿನಲ್ಲಿ 1229ರಲ್ಲಿ ಪ್ರಾಪ್ತವಾಯಿತೆಂದು ಆತನು ಹೇಳುವ ‘ಫುಸೂಸ್ ಅಲ್-ಹಿಕಮ್’ ಎಂಬ 27 ಅಧ್ಯಾಯಗಳ ಗ್ರಂಥದಲ್ಲಿ ನೋಹನ ಪ್ರಕರಣವು ಈ ವಿಷಯಕ್ಕೇ ಮೀಸಲಾಗಿದೆ. ನೋಡುವವನಿಗೆ ಎರಡು ಕಣ್ಣುಗಳೂ ಬೇಕೆಂಬುದೇ ಸಿದ್ಧಾಂತ. ಕಲ್ಪನೆಯ ಅಪಾಯವು ಆತನಿಗೆ ತಿಳಿಯದೆ ಇರಲಿಲ್ಲ. ಪ್ರತಿಯೊಬ್ಬನೂ ತನ್ನ ನಂಬಿಕೆಯೊಳಗೆ ತಾನೇ ಕಡೆದುಕೊಂಡ ದೇವರನ್ನು ಪೂಜಿಸುತ್ತಾನೆಂದೂ, ಅದೊಂದೇ ದೇವರೆಂದು ಹಟ ಹಿಡಿದವನು ಬೇರೆ ರೂಪದಲ್ಲಿ ಬಂದ ದೇವರನ್ನು ನಿರಾಕರಿಸುತ್ತಾನೆಂದೂ ಎಚ್ಚರಿಸಿದ್ದಾನೆ. ಹೃದಯಕ್ಕೆ ಅರಬ್ಬಿಯಲ್ಲಿ ‘ಕಲ್ಬ್’ ಎಂದು ಹೆಸರು. ತಿರುಗುವುದು, ಮಾರ್ಪಡುವುದು ಎಂಬುದು ಆ ಧಾತುವಿನ ಅರ್ಥ. ರೂಪದಿಂದ ರೂಪಕ್ಕೆ ತಿರುಗಬಲ್ಲ ಹೃದಯವೇ ಆತನ ಮತದಲ್ಲಿ ಜ್ಞಾನಿಯ ಹೃದಯ.

‘ಫುಸೂಸ್’ ಗ್ರಂಥದ ಇಸಾಕನ ಪ್ರಕರಣದಲ್ಲಿ ಬರುವ ಒಂದು ಕಥೆಯು ಇಲ್ಲಿ ಅತ್ಯಂತ ಉಪಯುಕ್ತವಾಗಿದೆ. ವಿದ್ವಾಂಸನೊಬ್ಬನಿಗೆ ಕನಸಿನಲ್ಲಿ ಪ್ರವಾದಿಯು ಹಾಲನ್ನು ಕುಡಿಸಿದಂತಾಯಿತು. ಎಚ್ಚರಗೊಂಡವನು ಕನಸು ನಿಜವೇ ಎಂದು ಪರೀಕ್ಷಿಸುವುದಕ್ಕಾಗಿ ವಾಂತಿ ಮಾಡಿಕೊಂಡನು, ಹಾಲೇ ಹೊರಬಂದಿತು. ಕನಸಿನ ಹಾಲೆಂದರೆ ಜ್ಞಾನ; ಅರ್ಥವನ್ನು ವಿಚಾರಿಸದೆ ಹೋದುದರಿಂದ ಕುಡಿದಷ್ಟು ಜ್ಞಾನವನ್ನು ಅವನು ಕಳೆದುಕೊಂಡನೆಂದು ಇಬ್ನ್ ಅರಬಿಯು ವಿಷಾದಿಸುತ್ತಾನೆ. ಅಲೆಪ್ಪೊದ ಶಾಸ್ತ್ರಜ್ಞನು ಮಾಡಿದ್ದೂ ಇದನ್ನೇ. ಪದ್ಯದಲ್ಲಿ ಕಂಡ ಹೆಣ್ಣು ಹೆಣ್ಣೇ ಎಂದು ರುಜುವಾತು ಮಾಡಿ ತೃಪ್ತನಾದನು.

ಆದರೆ ವ್ಯಾಖ್ಯಾನವು ಇದಕ್ಕೆ ಎದುರಾದ ತಪ್ಪಿಗೆ ಹಲವೆಡೆ ಸಮೀಪಿಸುತ್ತದೆಂಬುದನ್ನೂ ಹೇಳಬೇಕು. ತೆರಳಿಹೋದ ಒಂಟೆಗಳ ಸಾಲು, ಹಾಳುಬಿದ್ದ ಬಿಡಾರ, ಮೂಡಲ ಮಿಂಚು, ಮರದ ಮೇಲಿನ ಪಾರಿವಾಳದ ಕೊರಗು, ಇವೆಲ್ಲವೂ ಅರಬ್ಬೀ ಕವಿಗಳ ಪರಂಪರೆಯಿಂದ ಬಂದ ಸಾಮಗ್ರಿ. ವ್ಯಾಖ್ಯಾನಕಾರನು ಮಿಂಚೆಂದರೆ ಪರತತ್ತ್ವದ ಪ್ರಕಾಶ, ಪೂರ್ವವೆಂದರೆ ಅದು ರೂಪಗಳಲ್ಲಿ ಗೋಚರಿಸುವ ಸ್ಥಾನ, ಎಂದು ಬಹುಮಟ್ಟಿಗೆ ಪದಕ್ಕೆ ಪದವನ್ನು ತೂಗಿ ಕೊಡುತ್ತಾನೆ. ಅರ್ಥವು ಕೈಸೇರಿದ ಮೇಲೆ ಮಿಂಚು ಬೇಡವಾಗುತ್ತದೆ. ನಿಜಾಮಳಂತೂ ಮೊದಲೇ ಬೇಡವಾಗುತ್ತಾಳೆ.

ನಮ್ಮ ಆಲಂಕಾರಿಕರ ವಿವೇಕವು ಇಲ್ಲಿ ಬೆಳಕನ್ನು ಕೊಡಬಲ್ಲುದು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಧ್ವನಿಯಲ್ಲಿ ಭೇದಗಳನ್ನು ಹೇಳಿದ್ದಾನೆ. ವಾಚ್ಯಾರ್ಥವನ್ನು ಪೂರ್ತಿಯಾಗಿ ತಳ್ಳಿಹಾಕಿದ ಹೊರತು ವ್ಯಂಗ್ಯವು ದೊರೆಯದ ಕಡೆ ಅದು ‘ಅತ್ಯಂತತಿರಸ್ಕೃತವಾಚ್ಯ’. ವಾಚ್ಯಾರ್ಥವು ತಾನು ನಿಂತು, ನಿಂತಿದ್ದೇ ಮತ್ತೊಂದನ್ನು ಬೆಳಗುವ ಕಡೆ ಅದು ‘ವಿವಕ್ಷಿತಾನ್ಯಪರವಾಚ್ಯ’. ‘ತರ್ಜುಮಾನ್’ ಎರಡನೆಯ ಜಾತಿಯ ಕಾವ್ಯ. ಅದರ ವ್ಯಾಖ್ಯಾನವು ಅದನ್ನು ಮೊದಲನೆಯ ಜಾತಿಯದೆಂಬಂತೆ ಬಿಡಿಸುತ್ತದೆ. ವಿರಹವು ಮಾನವವಿರಹವೇ ಆಗಿ ಸುಡದಿದ್ದರೆ ಈಶ್ವರೋತ್ಕಂಠೆಯು ಓದುಗನಿಗೆ ಬರಿಯ ಮಾತಾಗಿ ಉಳಿಯುತ್ತದೆ. ರೂಪವನ್ನು ಬಿಟ್ಟು ಅರ್ಥವನ್ನು ಮಾತ್ರ ಎತ್ತಿಕೊಳ್ಳುವುದು ಒಂದೇ ಕಣ್ಣಿನ ನೋಟವೆಂದು ‘ಫುಸೂಸ್’ ಬೋಧಿಸುತ್ತದೆಯಷ್ಟೆ! ಆದುದರಿಂದ ಇಬ್ನ್ ಅರಬಿಯ ಸಿದ್ಧಾಂತಕ್ಕೆ ಹೆಚ್ಚು ನಿಷ್ಠವಾಗಿರುವುದು ಆತನ ಪದ್ಯಗಳೇ. ವ್ಯಾಖ್ಯಾನವು ಆಪತ್ಕಾಲದಲ್ಲಿ ನ್ಯಾಯಸಭೆಯ ಮುಂದೆ ಇಟ್ಟ ಸಮಾಧಾನ.

ಇದಕ್ಕೆ ಪ್ರತಿಪಕ್ಷವು ಇಲ್ಲದೆ ಇಲ್ಲ. ಅದು ದೂರದ ಮಾತೂ ಅಲ್ಲ. ದಿಲ್ಲಿಯಿಂದ ಬಂದು ಕಲಬುರಗಿಯಲ್ಲಿ ನೆಲಸಿ 1422ರಲ್ಲಿ ಅಲ್ಲಿಯೇ ಕಾಲವಾದ ಖ್ವಾಜಾ ಬಂದೇ ನವಾಜ್ ಗೇಸೂದರಾಜರು ಸ್ವತಃ ಪಾರಸೀ ಕವಿಗಳಾಗಿದ್ದೂ ಇಬ್ನ್ ಅರಬಿಯ ಸಿದ್ಧಾಂತವನ್ನು ಆಕ್ಷೇಪಿಸಿದವರು. ತೋರುವ ರೂಪಗಳಲ್ಲೆಲ್ಲ ಈಶ್ವರನನ್ನೇ ಕಂಡರೆ ಸೃಷ್ಟಿಗೂ ಸ್ರಷ್ಟೃವಿಗೂ ಇರುವ ಅಂತರವು ಅಳಿಸಿಹೋದೀತೆಂಬ ಭಯವು ಅಸಂಗತವಲ್ಲ. ಅದಕ್ಕೆ ಇಬ್ನ್ ಅರಬಿಯ ಪಕ್ಷದಿಂದ ಕೊಡಬಹುದಾದ ಉತ್ತರವು ಅದೇ ಕನ್ನಡಿಯಲ್ಲಿದೆ. ಬಿಂಬವು ಮುಖವಲ್ಲವೆಂಬುದನ್ನು ಮರೆತವನಿಗೆ ಕನ್ನಡಿಯು ಅಪಾಯವೇ ಸರಿ. ಆದರೆ ಕನ್ನಡಿಯಿಲ್ಲದೆ ತನ್ನ ಮುಖವನ್ನು ಕಂಡವನಾವನು?

ಕಾವ್ಯವನ್ನು ಓದತಕ್ಕವರು ವ್ಯಾಖ್ಯಾನವನ್ನು ಬಿಡಬೇಕಾಗಿಲ್ಲ. ಪದ್ಯಗಳನ್ನು ಮೊದಲು ಪದ್ಯಗಳಾಗಿಯೇ ಓದಿ, ಬಿಡಾರದ ಬೂದಿಯೂ ಹೋದವಳ ಹೆಸರೂ ಮನಸ್ಸಿನಲ್ಲಿ ನಿಂತ ಮೇಲೆ ವ್ಯಾಖ್ಯಾನವನ್ನು ತೆರೆಯುವುದು ಉಚಿತವಾದ ಕ್ರಮ. ಆಗ ಹಾಲೂ ಉಳಿಯುವುದು, ಜ್ಞಾನವೂ ದಕ್ಕುವುದು.