ನೋವಿನ ಮಾತ್ರೆಯ ಪಕ್ಕದ ಡಬ್ಬ

ನಮ್ಮ ಮನೆಯ ಲ್ಯಾಬ್ರಡಾರ್ ಗೌರಿಗೆ ಈಗ ಹನ್ನೊಂದು ವರ್ಷ. ಬೆಳಿಗ್ಗೆ ಏಳುವಾಗ ಮೊದಲು ಮುಂಗಾಲು ಊರುತ್ತಾಳೆ. ಹಾಗೇ ಒಂದಿಷ್ಟು ಹೊತ್ತು ಕೂತಿರುತ್ತಾಳೆ. ಹಿಂಗಾಲು ಟೈಲ್ಸ್ ಮೇಲೆ ಜಾರುತ್ತದೆ, ಮತ್ತೆ ಊರುತ್ತಾಳೆ. ಅಷ್ಟು ಹೊತ್ತೂ ಬಾಲ ಆಡಿಸುವುದನ್ನು ಬಿಡುವುದಿಲ್ಲ. ಸೊಂಟದ ಕೀಲು ಸವೆದಿದೆ ಎಂದು ಎಕ್ಸ್‌ರೇ ನೋಡಿ ಹೇಳಿದ ಡಾಕ್ಟರು ಮೆಲಾಕ್ಸಿಕಾಮ್ ಬರೆದುಕೊಟ್ಟರು. ಆ ಒಂದು ಬಾಟಲಿಯ ಪಕ್ಕಕ್ಕೆ ಆರು ತಿಂಗಳಲ್ಲಿ ಐದು ಡಬ್ಬ ಬಂದು ಕೂತವು. ಗ್ಲುಕೋಸಮೈನ್ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲ್, ಕ್ಯಾಲ್ಸಿಯಂ ಸಿರಪ್, ಕಾಳುಮೆಣಸು ಬೆರೆಸಿ ಕಾಸಿದ ಅರಿಶಿನದ ಪೇಸ್ಟು, ಅಮೆರಿಕದಿಂದ ಬಂದ ನೆಂಟರು ಪ್ರೀತಿಯಿಂದ ತಂದುಕೊಟ್ಟ ಅಗಿಯುವ ಬಿಸ್ಕತ್ತು. ಒಂದನ್ನೂ ಡಾಕ್ಟರು ಬರೆದಿರಲಿಲ್ಲ. ನಾನೂ ಅವರಿಗೆ ಹೇಳಿರಲಿಲ್ಲ.

ವಯಸ್ಸಾದ ನಾಯಿ ಇರುವ ಮನೆಗಳಲ್ಲಿ ಇದು ಈಗ ಸಾಮಾನ್ಯ. ಪೆಟ್ ಶಾಪಿನವರು ಹೇಳುತ್ತಾರೆ, ಪಾರ್ಕಿನಲ್ಲಿ ಸಿಕ್ಕವರು ಹೇಳುತ್ತಾರೆ: 'ಸೈಡ್ ಎಫೆಕ್ಟ್ ಏನಿಲ್ಲ, ಕೊಟ್ರೆ ನಷ್ಟ ಏನು?' ಈ ಪದ್ಧತಿಯೆಲ್ಲ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ. ಬೇರೆ ಯಾವ ಔಷಧವನ್ನೂ ತಿನ್ನದ ನಾಯಿಯ ವಿಷಯದಲ್ಲಿ ಆ ಪ್ರಶ್ನೆ ಹೇಗೋ ನಡೆದೀತು. ಔಷಧ ತಿನ್ನುತ್ತಿರುವ ನಾಯಿಯ ವಿಷಯದಲ್ಲಿ ಅದು ತಪ್ಪು ಪ್ರಶ್ನೆ ಎಂದು ನನಗೆ ಮನದಟ್ಟಾದದ್ದು ಒಂದು ಬೆಳಿಗ್ಗೆ ಗೌರಿಯ ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ ಬಿದ್ದಾಗ.

ಕಪ್ಪು ಮಲವೆಂದರೆ ಹೊಟ್ಟೆಯಲ್ಲೋ ಸಣ್ಣ ಕರುಳಿನಲ್ಲೋ ರಕ್ತ ಸೋರಿ, ಜೀರ್ಣವಾಗಿ ಹೊರಗೆ ಬಂದಿದೆ ಎಂದು ಅರ್ಥ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, 'ಇದರ ಜೊತೆ ಇನ್ನೇನು ಕೊಡ್ತಿದ್ದೀರಿ?' ಮಗ ಮನೆಯಿಂದ ಡಬ್ಬಗಳನ್ನೆಲ್ಲ ತಂದ. ಅಮೆರಿಕದ ಡಬ್ಬದ ಹಿಂಬದಿಯಲ್ಲಿ, ಸಾಸಿವೆ ಗಾತ್ರದ ಅಕ್ಷರಗಳಲ್ಲಿ, ಹನ್ನೆರಡನೆಯದೋ ಹದಿಮೂರನೆಯದೋ ಹೆಸರಾಗಿ 'ವೈಟ್ ವಿಲೋ ಬಾರ್ಕ್' ಎಂದಿತ್ತು. ಅದು ಒಂದು ಮರದ ತೊಗಟೆ. ಅದರಲ್ಲಿರುವ ಸ್ಯಾಲಿಸಿನ್ ದೇಹದೊಳಗೆ ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ, ಎಂದರೆ ಆಸ್ಪಿರಿನ್‌ನ ಹತ್ತಿರದ ಸಂಬಂಧಿ. ಮೆಲಾಕ್ಸಿಕಾಮ್ ನೋವು ತಗ್ಗಿಸುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪಾದನೆಯನ್ನು ಕುಗ್ಗಿಸಿ. ಆದರೆ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ ಪ್ರೊಸ್ಟಗ್ಲಾಂಡಿನ್. ಒಂದು ಮದ್ದು ತಗ್ಗಿಸಿದ್ದನ್ನು ಇನ್ನೊಂದು ಮತ್ತಷ್ಟು ತಗ್ಗಿಸಿದರೆ ಹುಣ್ಣಾಗುತ್ತದೆ. ಗೌರಿಗೆ ಹುಣ್ಣಾದದ್ದು ಆ ತೊಗಟೆಯಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ, ಮೆಲಾಕ್ಸಿಕಾಮ್ ಒಂದೇ ಸಾಕು ಹುಣ್ಣು ತರಲು. ಆದರೆ ಎರಡನ್ನೂ ಒಟ್ಟಿಗೆ ಅವಳ ಬಾಯಿಗೆ ಹಾಕಿದ್ದು ನನ್ನದೇ ಕೈ.

ಮೆಲಾಕ್ಸಿಕಾಮ್‌ಗೆ ನಮ್ಮ ದೇಶದಲ್ಲಿ ಒಂದು ಒಳ್ಳೆಯ ಹೆಸರಿದೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್‌ನಿಂದ ರಣಹದ್ದುಗಳ ಸಂತತಿಯೇ ಕುಸಿದು, 2006ರಲ್ಲಿ ಅದರ ಪಶುಬಳಕೆಗೆ ನಿಷೇಧ ಬಂದಾಗ ಬದಲಿಗೆ ಬಂದದ್ದು ಇದೇ ಮದ್ದು. ಹದ್ದಿಗೆ ನಿರಪಾಯವಾದದ್ದು ಮುದಿ ನಾಯಿಯ ಹೊಟ್ಟೆಯನ್ನು ಕೆಡಿಸಬಲ್ಲದು. 'ಸೇಫ್' ಎಂಬ ಮಾತನ್ನು ಕೇಳಿದಾಗಲೆಲ್ಲ ಯಾರಿಗೆ, ಎಷ್ಟು, ಯಾವುದರ ಜೊತೆಗೆ ಎಂದು ಕೇಳುವ ಅಭ್ಯಾಸ ನನಗೆ ಆಮೇಲೆ ಬಂತು.

ಹಾಗಾದರೆ ಈ ಡಬ್ಬಗಳು ಕೆಲಸವನ್ನಾದರೂ ಮಾಡುತ್ತವೆಯೇ? ಎಲ್ಲರ ಮನೆಯಲ್ಲೂ ಇರುವುದು ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್. ಮೊದಲನೆಯದನ್ನು ಹೆಚ್ಚಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ, ಎರಡನೆಯದನ್ನು ಪ್ರಾಣಿಗಳ ಮೃದ್ವಸ್ಥಿಯಿಂದ. ಮೃದ್ವಸ್ಥಿ ಸವೆದಿದೆ, ಅದರ ಕಚ್ಚಾಮಾಲನ್ನೇ ತಿನ್ನಿಸಿದರೆ ಬೆಳೆದೀತು ಎಂಬ ತರ್ಕ ಕೇಳಲು ಇಂಪಾಗಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 71 ನಾಯಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಾಯಿ ನೆಲಕ್ಕೆ ಎಷ್ಟು ಭಾರ ಊರುತ್ತದೆ ಎಂಬುದನ್ನು ಯಂತ್ರದಲ್ಲಿ ಅಳೆದರು. ಮೆಲಾಕ್ಸಿಕಾಮ್ ಅಥವಾ ಅದೇ ಬಗೆಯ ನೋವಿನ ಮದ್ದಾದ ಕಾರ್ಪ್ರೊಫೆನ್ ಪಡೆದ ನಾಯಿಗಳ ನಡಿಗೆ ಸುಧಾರಿಸಿತು. ಈ ಬಗೆಯ ಸಪ್ಲಿಮೆಂಟ್ ಪಡೆದವುಗಳದ್ದು ಸುಧಾರಿಸಲಿಲ್ಲ. 2007ರಲ್ಲಿ ಪ್ರಕಟವಾದ 35 ನಾಯಿಗಳ ಇನ್ನೊಂದು ಪರೀಕ್ಷೆಯಲ್ಲಿ 70 ದಿನಗಳ ಹೊತ್ತಿಗೆ ಸ್ವಲ್ಪ ಗುಣ ಕಂಡಿತು. ಮಾರುವವರು ತೋರಿಸುವುದು ಇಂಥದ್ದನ್ನೇ. ಆದರೆ ಅಲ್ಲಿ ಹುಸಿಮಾತ್ರೆ ಪಡೆದ ಗುಂಪೇ ಇರಲಿಲ್ಲ. 2022ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗಿದ ಸಮೀಕ್ಷೆಯ ತೀರ್ಮಾನ ಖಡಾಖಂಡಿತ: ಮೀನೆಣ್ಣೆಯಲ್ಲಿರುವ ಒಮೆಗಾ-3 ನೋವಿಗೆ ಉಪಯೋಗ, ಗ್ಲುಕೋಸಮೈನ್-ಕಾಂಡ್ರಾಯ್ಟಿನ್ ನಿರುಪಯೋಗ.

ಹುಸಿಮಾತ್ರೆಯ ಗುಂಪು ಯಾಕೆ ಬೇಕು? ನಾಯಿಗೇನು ಭ್ರಮೆ ಇರುತ್ತದೆಯೇ ಎಂದು ನಾನೂ ಅಂದುಕೊಂಡಿದ್ದೆ. ಭ್ರಮೆ ನೋಡುವವರಿಗೆ ಇರುತ್ತದೆ. ಸಂಧಿವಾತದ ನಾಯಿಗಳಿಗೆ ಹುಸಿಮಾತ್ರೆ ಕೊಟ್ಟು, ಯಂತ್ರದ ಅಳತೆಯನ್ನೂ ಮನೆಯವರ ಅಭಿಪ್ರಾಯವನ್ನೂ ಹೋಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಾಲೀಕರ ತೀರ್ಪಿನಲ್ಲಿ ಸುಮಾರು ಶೇ. 40ರಷ್ಟು ಕಡೆ, ಯಂತ್ರಕ್ಕೆ ಕಾಣದ ಸುಧಾರಣೆ ಅವರ ಕಣ್ಣಿಗೆ ಕಂಡಿತ್ತು. ಪಶುವೈದ್ಯರೂ ಹೆಚ್ಚುಕಮ್ಮಿ ಅಷ್ಟೇ ಪ್ರಮಾಣದಲ್ಲಿ ಮೋಸಹೋಗಿದ್ದರು. ಸಂಧಿವಾತದ ನೋವು ಒಂದೇ ಸಮನೆ ಇರುವುದಿಲ್ಲ, ಮಳೆ ಚಳಿಯಲ್ಲಿ ಏರುತ್ತದೆ, ಕೆಲವು ವಾರ ತಾನಾಗಿ ಇಳಿಯುತ್ತದೆ. ನಾವು ಹೊಸ ಡಬ್ಬ ತರುವುದು ನಾಯಿ ತೀರ ಸೊರಗಿದ ವಾರದಲ್ಲಿ. ಮುಂದಿನ ವಾರ ಅದು ಎದ್ದು ಓಡಾಡಿದರೆ ಕೀರ್ತಿ ಡಬ್ಬಕ್ಕೆ. ಮೆಲಾಕ್ಸಿಕಾಮ್ ಜೊತೆಗೇ ನಡೆಯುತ್ತಿರುವಾಗ ಯಾವುದರಿಂದ ಏನಾಯಿತು ಎಂದು ಹೇಳುವುದಂತೂ ಸಾಧ್ಯವೇ ಇಲ್ಲ.

ಈ ಪದ್ಧತಿಯ ಅತಿ ಕ್ರೂರ ಫಲ ಇಲ್ಲಿಯೇ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. 'ಈಗ ಪೌಡರ್ ಕೆಲಸ ಮಾಡ್ತಿದೆ, ಇಂಗ್ಲಿಷ್ ಮಾತ್ರೆ ಯಾಕೆ' ಎಂದು ಮನೆಯವರು ನೋವಿನ ಮದ್ದನ್ನು ನಿಲ್ಲಿಸಿಬಿಡುತ್ತಾರೆ. ನಾಯಿ ಅಳುವುದಿಲ್ಲ. ಮೆಟ್ಟಿಲು ಹತ್ತುವುದನ್ನು ಬಿಡುತ್ತದೆ, ಬೆಲ್ ಆದರೆ ಬಾಗಿಲಿಗೆ ಬರುವುದನ್ನು ಬಿಡುತ್ತದೆ. 'ವಯಸ್ಸಾಯ್ತು, ಶಾಂತವಾಗಿದೆ' ಎಂದು ನಾವು ಸಮಾಧಾನಪಡುತ್ತೇವೆ.

ಮೀನೆಣ್ಣೆಯ ವಿಷಯದಲ್ಲಿ ನನ್ನ ತಕರಾರು ಕಡಿಮೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾರ್ಪ್ರೊಫೆನ್ ತೆಗೆದುಕೊಳ್ಳುತ್ತಿದ್ದ 131 ನಾಯಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಮೆಗಾ-3 ಹೇರಳವಾಗಿದ್ದ ಆಹಾರ ಕೊಟ್ಟರು. ಹನ್ನೆರಡು ವಾರಗಳಲ್ಲಿ ಆ ಗುಂಪಿನ ಮದ್ದಿನ ಪ್ರಮಾಣವನ್ನು ಇನ್ನೊಂದಕ್ಕಿಂತ ಬೇಗ ತಗ್ಗಿಸಲಾಯಿತು. ಔಷಧದ ಜೊತೆಗೇ ಇಟ್ಟು ಪರೀಕ್ಷಿಸಿದ್ದು ಇದು. ನೆನಪಿಡಬೇಕಾದದ್ದು, ತಗ್ಗಿಸಿದವರು ವೈದ್ಯರು, ನಾಯಿಯನ್ನು ಆಗಾಗ ನೋಡುತ್ತಾ. ಇನ್ನೊಂದು ಎಚ್ಚರಿಕೆ: ನಮ್ಮಲ್ಲಿ ಮೀನೆಣ್ಣೆ ಎಂದು ಕೇಳಿದರೆ ಎಷ್ಟೋ ಸಲ ಕೈಗೆ ಬರುವುದು ಕಾಡ್ ಲಿವರ್ ಆಯಿಲ್, ಮೀನಿನ ಪಿತ್ತಜನಕಾಂಗದ ಎಣ್ಣೆ. ಅದರಲ್ಲಿ 'ಎ' ಮತ್ತು 'ಡಿ' ಜೀವಸತ್ವ ಹೆಚ್ಚು, ಕೀಲಿಗೆ ಬೇಕಾದಷ್ಟು ಒಮೆಗಾ-3 ಸಿಗುವಷ್ಟು ಕೊಟ್ಟರೆ ಅವೆರಡೂ ವಿಷದ ಮಟ್ಟಕ್ಕೆ ಏರಬಲ್ಲವು. ನಾನು ತಂದಿದ್ದೂ ಅದನ್ನೇ.

ಅರಿಶಿನದ ಮಾತು ಎತ್ತಿದರೆ ಮನೆಯ ಹಿರಿಯರಿಗೆ ನೋವಾಗುತ್ತದೆ. ಗಾಯಕ್ಕೆ ಹಚ್ಚಿದ, ಹಾಲಿಗೆ ಬೆರೆಸಿದ ಅರಿಶಿನದ ಮೇಲೆ ನನಗೂ ವಿಶ್ವಾಸವಿದೆ. ಆದರೆ ಚಮಚಗಟ್ಟಲೆ ಪೇಸ್ಟು ಅಡುಗೆಯ ಅರಿಶಿನವಲ್ಲ. ಅದಕ್ಕೆ ಕಾಳುಮೆಣಸು ಸೇರಿಸುವುದೇ ಅರಿಶಿನದ ಸತ್ವ ರಕ್ತಕ್ಕೆ ಹೆಚ್ಚು ಇಳಿಯಲಿ ಎಂದು. ಮೆಣಸಿನ ಪೈಪರಿನ್ ಹಾಗೆ ಬಾಗಿಲು ತೆರೆಯುವುದು ಅರಿಶಿನಕ್ಕೆ ಮಾತ್ರವಲ್ಲ. ಮನುಷ್ಯರಲ್ಲಿ ಅದು ಮೂರ್ಛೆರೋಗದ ಫೆನಿಟಾಯಿನ್‌ನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ ಎಂದು ನಮ್ಮ ದೇಶದ ಸಂಶೋಧಕರೇ ತೋರಿಸಿದ್ದಾರೆ. ಫಿಟ್ಸ್ ಮದ್ದು ತಿನ್ನುವ ನಾಯಿಗೆ ಈ ಪೇಸ್ಟು ಕೊಡುವ ಮುಂಚೆ ಹತ್ತು ಸಲ ಯೋಚಿಸಬೇಕು.

ಕ್ಯಾಲ್ಸಿಯಂ ಸಿರಪ್ಪಿಗೂ ಸವೆದ ಕೀಲಿಗೂ ಸಂಬಂಧವೇ ಇಲ್ಲ. ಉಣ್ಣೆ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಡುತ್ತಿರುವಾಗ ಅದನ್ನೂ ಒಟ್ಟಿಗೆ ಕುಡಿಸಿದರೆ ಮದ್ದು ಕ್ಯಾಲ್ಸಿಯಂಗೆ ಅಂಟಿಕೊಂಡು ದೇಹಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಥೈರಾಯ್ಡ್ ಮಾತ್ರೆಯದ್ದೂ ಇದೇ ಕಥೆ.

ಡಬ್ಬದಲ್ಲಿ ಮಾರಲು ಬಾರದ ಒಂದು ಉಪಾಯವಿದೆ, ಅದಕ್ಕೇ ಅದರ ಜಾಹೀರಾತು ಇಲ್ಲ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಬದುಕಿನುದ್ದಕ್ಕೂ ಕಾಲುಭಾಗ ಕಡಿಮೆ ಊಟ ಕೊಟ್ಟ ಪ್ರಸಿದ್ಧ ಪ್ರಯೋಗದಲ್ಲಿ, ತೆಳ್ಳಗಿದ್ದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಸಂಧಿವಾತವೂ ತಡವಾಗಿ ಬಂತು. ನಾನು ಗೌರಿಗೆ ಮಾತ್ರೆಯನ್ನು ನುಂಗಿಸುತ್ತಿದ್ದದ್ದು ತುಪ್ಪ ಸವರಿದ ಚಪಾತಿಯಲ್ಲಿ ಸುತ್ತಿ.

ಅವಳ ಹೊಟ್ಟೆ ವಾಸಿಯಾಗಲು ಎರಡು ವಾರ ಬೇಕಾಯಿತು. ಆ ಎರಡು ವಾರ ಮೆಲಾಕ್ಸಿಕಾಮ್ ಕೊಡುವಂತಿರಲಿಲ್ಲ, ರಾತ್ರಿ ಮಗ್ಗುಲು ಬದಲಿಸುವಾಗ ನರಳುತ್ತಿದ್ದಳು. ಈಗ ರಕ್ತಪರೀಕ್ಷೆ ಮಾಡಿಸಿ, ಡಾಕ್ಟರು ತೂಕಕ್ಕೆ ತಕ್ಕಂತೆ ಗೊತ್ತುಮಾಡಿದ ಮೆಲಾಕ್ಸಿಕಾಮ್, ಅವರೇ ಅಳತೆ ಹೇಳಿದ ಒಮೆಗಾ-3 ಎರಡೇ ನಡೆಯುತ್ತಿವೆ. ಹಾಲ್‌ನಿಂದ ಅಡುಗೆಮನೆಯವರೆಗೆ ತೆಂಗಿನನಾರಿನ ಚಾಪೆ ಹಾಸಿದ್ದೇವೆ. ತೂಕ ಮೂರು ಕಿಲೋ ಇಳಿದಿದೆ.

ನಿಮ್ಮ ಮನೆಯಲ್ಲೂ ಮುದಿ ನಾಯಿ ಇದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅದಕ್ಕೆ ಕೊಡುವ ಡಬ್ಬ, ಬಾಟಲಿ, ಪೊಟ್ಟಣಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಅರಿಶಿನದ ಡಬ್ಬವನ್ನೂ ಬಿಡಬೇಡಿ.